ಟಿ-ರೆಗ್ ನಿಗ್ರಹ ಪರೀಕ್ಷೆ ಮಾಡುವುದು ಹೇಗೆ: ರಕ್ತದ ಟ್ಯೂಬಿನಿಂದ ಕೊನೆಯ ಅಂಕಿಯವರೆಗೆ

ಟಿ ಕೋಶಗಳು ರೋಗನಿರೋಧಕ ವ್ಯವಸ್ಥೆಯ ಬಿಳಿ ರಕ್ತಕಣಗಳು. ಆರೋಗ್ಯವಂತರ ರಕ್ತದಲ್ಲಿ ಸಿಡಿ4 ಎಂಬ ಮೇಲ್ಮೈ ಪ್ರೋಟೀನ್ ಇರುವ ಟಿ ಕೋಶಗಳಲ್ಲಿ ನೂರಕ್ಕೆ ಸುಮಾರು ಐದರಿಂದ ಹತ್ತು ಕೋಶಗಳು ಉಳಿದ ಟಿ ಕೋಶಗಳನ್ನು ಹತೋಟಿಯಲ್ಲಿಡುತ್ತವೆ. ಇವೇ ನಿಯಂತ್ರಕ ಟಿ ಕೋಶಗಳು, ಲ್ಯಾಬಿನ ಮಾತಿನಲ್ಲಿ ಟಿ-ರೆಗ್. 1995ರಲ್ಲಿ ಜಪಾನಿನ ಶಿಮೋನ್ ಸಕಾಗುಚಿ ಮತ್ತು ಜೊತೆಗಾರರು ಸಿಡಿ25 ಎಂಬ ಮೇಲ್ಮೈ ಪ್ರೋಟೀನಿನ ಮೂಲಕ ಇವುಗಳನ್ನು ಇಲಿಗಳಲ್ಲಿ ಗುರುತಿಸಿದರು. 2001ರಲ್ಲಿ ಮೇರಿ ಬ್ರಂಕೋ ಮತ್ತು ಫ್ರೆಡ್ ರಾಮ್ಸ್‌ಡೆಲ್ ಅವರ ತಂಡ ಸ್ಕರ್ಫಿ ಎಂಬ ರೋಗಗ್ರಸ್ತ ಇಲಿ ತಳಿಯಲ್ಲಿ ಕೆಟ್ಟಿರುವ ಜೀನ್ ಫಾಕ್ಸ್‌ಪಿ3 ಎಂದು ಕಂಡುಹಿಡಿಯಿತು. ಅದೇ ಜೀನ್ ಮನುಷ್ಯರಲ್ಲಿ ಕೆಟ್ಟರೆ ಐಪೆಕ್ಸ್ ಎಂಬ ತೀವ್ರ ಸ್ವಯಂನಿರೋಧಕ ಕಾಯಿಲೆ ಬರುತ್ತದೆ. ಈ ಮೂವರಿಗೆ 2025ರ ವೈದ್ಯಕೀಯ ನೊಬೆಲ್ ಸಂದಿತು.

ಟಿ-ರೆಗ್ ಎಷ್ಟಿವೆ ಎಂದು ಎಣಿಸುವುದು ಸುಲಭ. ಅವು ಕೆಲಸ ಮಾಡುತ್ತಿವೆಯೇ ಎಂದು ತಿಳಿಯಲು ನಿಗ್ರಹ ಪರೀಕ್ಷೆಯನ್ನೇ ಮಾಡಬೇಕು. ವಿಭಜನೆಗೆ ಪ್ರಚೋದಿಸಿದ ಸಾಮಾನ್ಯ ಟಿ ಕೋಶಗಳ ಜೊತೆ ಟಿ-ರೆಗ್ ಸೇರಿಸಿ, ನಾಲ್ಕು ದಿನದ ನಂತರ ವಿಭಜನೆ ಎಷ್ಟು ತಗ್ಗಿದೆ ಎಂದು ನೋಡುವುದೇ ಇದರ ಸಾರ. ವಿಭಜನೆಗೊಳ್ಳುವ ಈ ಸಾಮಾನ್ಯ ಕೋಶಗಳನ್ನು ಇಲ್ಲಿ ಸ್ಪಂದಕ ಕೋಶಗಳು ಎಂದು ಕರೆಯುತ್ತೇವೆ.

ಈ ಪರೀಕ್ಷೆಯಲ್ಲಿ ಯಾವುದೋ ಒಂದು ಅಂಕಿ ಬಂದೇ ಬರುತ್ತದೆ. ಆ ಅಂಕಿ ಟಿ-ರೆಗ್‌ನದೇ ಎಂದು ತೋರಿಸುವುದೇ ಕಷ್ಟದ ಭಾಗ. ಅದಕ್ಕೆ ಎರಡು ವಿಷಯಗಳಲ್ಲಿ ರಾಜಿ ಮಾಡಿಕೊಳ್ಳುವಂತಿಲ್ಲ: ಪ್ರಚೋದನೆಯ ಬಲವನ್ನು ಮೊದಲೇ ಅಳೆದು ನಿಗದಿ ಮಾಡುವುದು, ಮತ್ತು ಪ್ಲೇಟಿನಲ್ಲಿ ದಟ್ಟಣೆಯ ಕಂಟ್ರೋಲ್ ಇಡುವುದು, ಅಂದರೆ ಟಿ-ರೆಗ್ ಬದಲು ಅಷ್ಟೇ ಸಾಮಾನ್ಯ ಕೋಶಗಳನ್ನು ಸೇರಿಸಿ ಹೋಲಿಸುವುದು. ಕೆಳಗಿನ ವಿಧಾನ ಇವೆರಡರ ಸುತ್ತ ಕಟ್ಟಿದ್ದು.

ಮೊದಲು ಕೋಶಗಳ ಲೆಕ್ಕ

ರಕ್ತ ತೆಗೆಯುವ ಮೊದಲೇ ಕಾಗದ ಹಿಡಿದು ಕೂರಿ. ಅರ್ಧ ದಾರಿಯಲ್ಲಿ ಟಿ-ರೆಗ್ ಸಾಲದೆ ಹೋದರೆ ಕಂಟ್ರೋಲ್‌ಗಳನ್ನು ಕೈಬಿಡುವ ಆಸೆ ಹುಟ್ಟುತ್ತದೆ. ಕೆಟ್ಟ ದತ್ತಾಂಶ ಶುರುವಾಗುವುದು ಅಲ್ಲಿಂದಲೇ.

ಒಂದು ಮಿ.ಲೀ. ರಕ್ತದಿಂದ ಸಾಮಾನ್ಯವಾಗಿ 10ರಿಂದ 15 ಲಕ್ಷ ಪಿಬಿಎಂಸಿ, ಅಂದರೆ ಒಂಟಿ ಕೋಶಕೇಂದ್ರದ ಬಿಳಿ ರಕ್ತಕಣಗಳು, ಸಿಗುತ್ತವೆ. 40 ಮಿ.ಲೀ. ರಕ್ತಕ್ಕೆ 4ರಿಂದ 6 ಕೋಟಿ. ಅದರಲ್ಲಿ 40% ಸಿಡಿ4 ಕೋಶಗಳೆಂದುಕೊಂಡರೆ 1.6ರಿಂದ 2.4 ಕೋಟಿ. ಅದರಲ್ಲಿ 5% ಟಿ-ರೆಗ್ ಎಂದರೆ 8ರಿಂದ 12 ಲಕ್ಷ. ಬೇರ್ಪಡಿಸುವಾಗ ಅರ್ಧದಷ್ಟು ಕಳೆದುಹೋಗುತ್ತವೆ ಎಂದೇ ಹಿಡಿಯಿರಿ. ಕೈಗೆ ಬರುವುದು 4ರಿಂದ 6 ಲಕ್ಷ.

ಈಗ ಖರ್ಚು ನೋಡಿ. ಪ್ಲೇಟಿನ ಪ್ರತಿ ಗುಂಡಿಗೆ (ಪುಟ್ಟ ಕುಳಿಗೆ) 50,000 ಸ್ಪಂದಕ ಕೋಶಗಳು. ಅವುಗಳ ಜೊತೆ ಟಿ-ರೆಗ್ 1:1, 1:2, 1:4, 1:8, 1:16 ಪ್ರಮಾಣದಲ್ಲಿ, ಪ್ರತಿಯೊಂದೂ ಮೂರು ಗುಂಡಿಗಳಲ್ಲಿ. ಇದಕ್ಕೆ ಸುಮಾರು 2.9 ಲಕ್ಷ ಟಿ-ರೆಗ್ ಬೇಕು. ಟಿ-ರೆಗ್ ಮಾತ್ರ ಇರುವ ಕಂಟ್ರೋಲಿಗೆ 1.5 ಲಕ್ಷ, ಶುದ್ಧತೆ ಪರೀಕ್ಷೆಗೆ 30,000. ಒಟ್ಟು 4.7 ಲಕ್ಷ. ಅಂದರೆ 40 ಮಿ.ಲೀ. ರಕ್ತ ಅಂಚಿನಲ್ಲಿ ಸಾಕಾಗುತ್ತದೆ. ಕೋಶ ಕಡಿಮೆ ಬಂದರೆ ಗುಂಡಿಗೆ 25,000 ಸ್ಪಂದಕ ಕೋಶಗಳಂತೆ ಇಡೀ ಪ್ಲೇಟನ್ನೇ ಅರ್ಧಕ್ಕಿಳಿಸಿ. ಕಂಟ್ರೋಲ್ ತೆಗೆಯಬೇಡಿ.

ಸ್ಪಂದಕ ಕೋಶಗಳಿಗೆ ಬರವಿಲ್ಲ. ಹನ್ನೆರಡು ಸ್ಥಿತಿ (ಟಿ-ರೆಗ್ ಸೇರಿಸಿದ ಐದು, ದಟ್ಟಣೆಯ ಕಂಟ್ರೋಲ್ ಐದು, ಸ್ಪಂದಕ ಕೋಶಗಳು ಮಾತ್ರ ಇರುವ ಎರಡು), ಮೂರು ಗುಂಡಿ, 50,000ದಂತೆ 18 ಲಕ್ಷ ಬೇಕು. ಬಣ್ಣ ಹಾಕುವಾಗಿನ ನಷ್ಟಕ್ಕಾಗಿ 40 ಲಕ್ಷದಿಂದ ಶುರುಮಾಡಿ.

ಅನುಮತಿ, ಸುರಕ್ಷತೆ

ಮನುಷ್ಯರ ರಕ್ತ ಬಳಸುವ ಯಾವುದೇ ಸಂಶೋಧನೆಗೆ ಸಂಸ್ಥೆಯ ನೈತಿಕ ಸಮಿತಿಯ ಒಪ್ಪಿಗೆ ಮತ್ತು ದಾನಿಯ ಲಿಖಿತ ಸಮ್ಮತಿ ಬೇಕು; ಐಸಿಎಂಆರ್‌ನ 2017ರ ಮಾರ್ಗಸೂಚಿ ಇದನ್ನು ವಿವರವಾಗಿ ಹೇಳುತ್ತದೆ. ಸಮ್ಮತಿ ಪತ್ರ ದಾನಿಗೆ ಅರ್ಥವಾಗುವ ಭಾಷೆಯಲ್ಲಿರಬೇಕು. ಕಲಬುರಗಿಯ ರೋಗಿಯ ಮುಂದೆ ಇಂಗ್ಲಿಷ್ ಪತ್ರ ಇಟ್ಟು ಹೆಬ್ಬೆಟ್ಟು ಒತ್ತಿಸಿಕೊಂಡರೆ ಅದನ್ನು ಸಮ್ಮತಿ ಎನ್ನಲಾಗದು.

ಪ್ರತಿ ಮಾದರಿಯಲ್ಲೂ ಸೋಂಕು ಇರಬಹುದೆಂದೇ ಭಾವಿಸಿ. ಜೈವಿಕ ಸುರಕ್ಷತಾ ಹಂತ 2ರ ಲ್ಯಾಬ್, ಕ್ಲಾಸ್ 2 ಕ್ಯಾಬಿನೆಟ್, ಕೈಗವಸು, ಹೆಪಟೈಟಿಸ್ ಬಿ ಲಸಿಕೆ ಕಡ್ಡಾಯ. ದ್ರವ ತ್ಯಾಜ್ಯವನ್ನು ಕೊನೆಯ ಸಾಂದ್ರತೆ 1% ಸೋಡಿಯಂ ಹೈಪೋಕ್ಲೋರೈಟ್ ಆಗುವಂತೆ ಬೆರೆಸಿ 30 ನಿಮಿಷ ಬಿಡಿ. ಹೈಪೋಕ್ಲೋರೈಟ್ ಹಾಕಿದ್ದನ್ನು ಆಟೋಕ್ಲೇವ್ ಮಾಡಬೇಡಿ, ವಿಷಾನಿಲ ಬರುತ್ತದೆ.

ಮೊದಲೇ ಮಾಡಿಟ್ಟುಕೊಳ್ಳುವ ದ್ರಾವಣಗಳು

ಕೃಷಿ ಮಾಧ್ಯಮ: ಆರ್‌ಪಿಎಂಐ 1640ಕ್ಕೆ 10% ಎಫ್‌ಬಿಎಸ್ (ಕರುವಿನ ಭ್ರೂಣದ ಸೀರಂ, 56 ಡಿಗ್ರಿಯಲ್ಲಿ 30 ನಿಮಿಷ ಕಾಯಿಸಿದ್ದು), 2 ಮಿಲಿಮೋಲಾರ್ ಗ್ಲುಟಮಿನ್, 10 ಮಿಲಿಮೋಲಾರ್ ಹೆಪೆಸ್, 1 ಮಿಲಿಮೋಲಾರ್ ಸೋಡಿಯಂ ಪೈರುವೇಟ್, 50 ಮೈಕ್ರೋಮೋಲಾರ್ ಬೀಟಾ-ಮರ್ಕ್ಯಾಪ್ಟೋಎಥನಾಲ್, ಪೆನಿಸಿಲಿನ್ 100 ಯೂನಿಟ್ ಮತ್ತು ಸ್ಟ್ರೆಪ್ಟೋಮೈಸಿನ್ 100 ಮೈಕ್ರೋಗ್ರಾಂ ಪ್ರತಿ ಮಿ.ಲೀ.ಗೆ. ಎಫ್‌ಬಿಎಸ್‌ನ ಪ್ರತಿ ಲಾಟೂ ಬೇರೆ ಬೇರೆ ರೀತಿ ವರ್ತಿಸುತ್ತದೆ. ಕೆಲವು ಲಾಟ್‌ಗಳು ಯಾವ ಪ್ರಚೋದಕವೂ ಇಲ್ಲದೆ ಕೋಶಗಳನ್ನು ವಿಭಜನೆಗೆ ತಳ್ಳುತ್ತವೆ. ಎರಡು ಮೂರು ಲಾಟ್ ಪರೀಕ್ಷಿಸಿ ಒಂದನ್ನು ಆರಿಸಿ, ಇಡೀ ಅಧ್ಯಯನಕ್ಕೆ ಸಾಕಾಗುವಷ್ಟು ಒಮ್ಮೆಲೇ ಖರೀದಿಸಿ.

ಬೇರ್ಪಡಿಸುವ ಬಫರ್: ಪಿಎಚ್ 7.2ರ ಪಿಬಿಎಸ್ (ಫಾಸ್ಫೇಟ್ ಬೆರೆತ ಉಪ್ಪುನೀರು), 0.5% ಬಿಎಸ್‌ಎ, 2 ಮಿಲಿಮೋಲಾರ್ ಇಡಿಟಿಎ. ಇದರಲ್ಲಿ ಕರಗಿರುವ ಗಾಳಿಯನ್ನು ನಿರ್ವಾತದಲ್ಲಿ ತೆಗೆದು ತಣ್ಣಗಿಡಿ. ಗಾಳಿ ಉಳಿದರೆ ಕೋಶಗಳನ್ನು ಕಾಂತದಿಂದ ಬೇರ್ಪಡಿಸುವ ಕಾಲಮಿನಲ್ಲಿ ಗುಳ್ಳೆ ಕಟ್ಟಿ ಹರಿವು ನಿಲ್ಲುತ್ತದೆ.

ಪಿಬಿಎಂಸಿ ಬೇರ್ಪಡಿಸುವುದು

ರಕ್ತವನ್ನು ಹಸಿರು ಮುಚ್ಚಳದ ಸೋಡಿಯಂ ಹೆಪಾರಿನ್ ಟ್ಯೂಬಿನಲ್ಲಿ ತೆಗೆಯಿರಿ. ಟ್ಯೂಬನ್ನು ಎಂಟು ಹತ್ತು ಸಲ ಮೆಲ್ಲಗೆ ತಲೆಕೆಳಗು ಮಾಡಿ, ಅಲುಗಾಡಿಸಬೇಡಿ. ಸಾಗಿಸುವಾಗ ಫ್ರಿಜ್ ಅಥವಾ ಐಸ್ ಬೇಡ. 18ರಿಂದ 25 ಡಿಗ್ರಿ ಸಾಕು. ನಾಲ್ಕು ಗಂಟೆಯೊಳಗೆ ಕೆಲಸ ಶುರುವಾದರೆ ಒಳ್ಳೆಯದು, ಎಂಟು ಗಂಟೆ ಮೀರಬಾರದು. ಹಳೆಯ ರಕ್ತದಲ್ಲಿ ನ್ಯೂಟ್ರೋಫಿಲ್‌ಗಳ ಸಾಂದ್ರತೆ ಬದಲಾಗಿ ಅವು ಪಿಬಿಎಂಸಿ ಪದರಕ್ಕೆ ಬಂದು ಸೇರುತ್ತವೆ, ಟಿ ಕೋಶಗಳ ವಿಭಜನೆಯನ್ನು ತಾವೇ ತಗ್ಗಿಸುತ್ತವೆ. ನೀವು ಅಳೆಯಹೊರಟಿರುವುದನ್ನೇ ಅನುಕರಿಸುವ ಮಾಲಿನ್ಯ ಇದು.

1. ರಕ್ತಕ್ಕೆ ಅಷ್ಟೇ ಪ್ರಮಾಣದ ಪಿಬಿಎಸ್ ಬೆರೆಸಿ. ಎಲ್ಲ ದ್ರವಗಳೂ 20 ಡಿಗ್ರಿಯ ಆಸುಪಾಸಿನಲ್ಲಿರಲಿ.

2. 50 ಮಿ.ಲೀ. ಟ್ಯೂಬಿಗೆ 15 ಮಿ.ಲೀ. ಫೈಕಾಲ್ (ಕೋಶಗಳನ್ನು ಸಾಂದ್ರತೆಯಿಂದ ಬೇರ್ಪಡಿಸುವ ದ್ರವ) ಹಾಕಿ. ಟ್ಯೂಬನ್ನು ಓರೆ ಹಿಡಿದು, ಗೋಡೆಗುಂಟ ಜಾರುವಂತೆ 25ರಿಂದ 30 ಮಿ.ಲೀ. ತೆಳುಮಾಡಿದ ರಕ್ತವನ್ನು ನಿಧಾನವಾಗಿ ಮೇಲೆ ಹರಿಸಿ. ಎರಡರ ನಡುವಿನ ಗೆರೆ ಚೂಪಾಗಿ ಕಾಣಬೇಕು.

3. 400 ಜಿ ಬಲದಲ್ಲಿ, 20 ಡಿಗ್ರಿಯಲ್ಲಿ, 30 ನಿಮಿಷ ಸೆಂಟ್ರಿಫ್ಯೂಜ್ ಮಾಡಿ. ಬ್ರೇಕ್ ಪೂರ್ತಿ ಆಫ್ ಇರಲಿ.

4. ಮೇಲಿನ ಪ್ಲಾಸ್ಮಾ ಸ್ವಲ್ಪ ತೆಗೆದುಹಾಕಿ, ಮೋಡದಂಥ ಬಿಳಿ ಉಂಗುರವನ್ನು ಪಿಪೆಟ್ಟಿನಿಂದ ಸುತ್ತ ಆಡಿಸುತ್ತ ಎತ್ತಿಕೊಳ್ಳಿ. ಉಂಗುರದ ಕೆಳಗಿನ ಫೈಕಾಲ್ ಆದಷ್ಟು ಕಡಿಮೆ ಬರಲಿ.

5. ಪಿಬಿಎಸ್‌ನಿಂದ 50 ಮಿ.ಲೀ.ಗೆ ತುಂಬಿಸಿ 300 ಜಿಯಲ್ಲಿ 10 ನಿಮಿಷ ತಿರುಗಿಸಿ. ಎರಡನೆಯ ತೊಳೆತ 200 ಜಿಯಲ್ಲಿ 10 ನಿಮಿಷ. ಈ ಕಡಿಮೆ ವೇಗದಲ್ಲಿ ಪ್ಲೇಟ್ಲೆಟ್‌ಗಳು ಮೇಲೆಯೇ ಉಳಿದು ಹೊರಹೋಗುತ್ತವೆ.

6. ಸತ್ತ ಕೋಶಗಳಿಗಷ್ಟೇ ಹತ್ತುವ ಟ್ರಿಪಾನ್ ಬ್ಲೂ ಬಣ್ಣ ಹಾಕಿ ಎಣಿಸಿ. ಜೀವಂತ ಕೋಶಗಳು 95%ಕ್ಕಿಂತ ಕಡಿಮೆ ಇದ್ದರೆ ಆ ಮಾದರಿಯಲ್ಲಿ ಮುಂದುವರಿಯಬೇಡಿ.

ಇಲ್ಲಿ ಹೆಚ್ಚಿನ ತಪ್ಪುಗಳು ಆರ್‌ಪಿಎಂ ಮತ್ತು ತಾಪಮಾನದಲ್ಲಿ ಆಗುತ್ತವೆ. ಒಂದು ಲ್ಯಾಬಿನ ಆರ್‌ಪಿಎಂ ಇನ್ನೊಂದು ಲ್ಯಾಬಿಗೆ ಹೊಂದುವುದಿಲ್ಲ, ಏಕೆಂದರೆ ಬಲ ರೋಟರಿನ ತ್ರಿಜ್ಯವನ್ನು ಅವಲಂಬಿಸಿದೆ. ಸೂತ್ರ: ಜಿ ಬಲ = 0.00001118 × ತ್ರಿಜ್ಯ (ಸೆಂ.ಮೀ.) × ಆರ್‌ಪಿಎಂ × ಆರ್‌ಪಿಎಂ. 400 ಜಿ ಬೇಕಾದರೆ 17 ಸೆಂ.ಮೀ. ತ್ರಿಜ್ಯಕ್ಕೆ ಸುಮಾರು 1450 ಆರ್‌ಪಿಎಂ, 10 ಸೆಂ.ಮೀ. ತ್ರಿಜ್ಯಕ್ಕೆ ಸುಮಾರು 1890. ನಿಮ್ಮ ಯಂತ್ರದ ಲೆಕ್ಕ ಮಾಡಿ ಅದರ ಮೇಲೆಯೇ ಅಂಟಿಸಿಬಿಡಿ.

ಇನ್ನು ತಾಪಮಾನ. ಫೈಕಾಲಿನ ಸಾಂದ್ರತೆ ಮಿ.ಲೀ.ಗೆ 1.077 ಗ್ರಾಂ ಎಂದು ಬಾಟಲಿಯ ಮೇಲೆ ಬರೆದಿರುವುದು 20 ಡಿಗ್ರಿಯ ಲೆಕ್ಕ. ರಾಯಚೂರಿನ ಏಪ್ರಿಲ್‌ನಲ್ಲಿ ಎಸಿ ಇಲ್ಲದ ಕೋಣೆಯಲ್ಲಿಟ್ಟ ಫೈಕಾಲ್ ಹಗುರಾಗಿರುತ್ತದೆ. ಲಿಂಫೋಸೈಟ್‌ಗಳು ಅದನ್ನು ದಾಟಿ ಕೆಂಪು ಕಣಗಳ ಜೊತೆ ತಳಕ್ಕಿಳಿಯುತ್ತವೆ, ಉಂಗುರ ತೆಳ್ಳಗಾಗುತ್ತದೆ. ಫ್ರಿಜ್ಜಿನಿಂದ ನೇರವಾಗಿ ತೆಗೆದ ಫೈಕಾಲ್ ಭಾರವಾಗಿದ್ದು, ಕೆಂಪು ಕಣಗಳೂ ಗ್ರಾನುಲೋಸೈಟ್‌ಗಳೂ ಉಂಗುರದಲ್ಲೇ ನಿಂತುಬಿಡುತ್ತವೆ. ಬೇಸಿಗೆಯಲ್ಲಿ ಸೆಂಟ್ರಿಫ್ಯೂಜನ್ನು ಅರ್ಧ ಗಂಟೆ ಮೊದಲೇ 20 ಡಿಗ್ರಿಗೆ ತಂದಿಡಿ.

ಟಿ-ರೆಗ್ ಮತ್ತು ಸ್ಪಂದಕ ಕೋಶಗಳನ್ನು ಬೇರೆ ಮಾಡುವುದು

ಫಾಕ್ಸ್‌ಪಿ3 ಕೋಶಕೇಂದ್ರದೊಳಗೆ ಇರುವುದರಿಂದ ಅದಕ್ಕೆ ಬಣ್ಣ ಹಾಕಬೇಕಾದರೆ ಕೋಶ ಸಾಯಲೇಬೇಕು. ಜೀವಂತ ಕೋಶಗಳನ್ನು ಹಿಡಿಯಲು ಮೇಲ್ಮೈ ಗುರುತುಗಳೇ ಗತಿ: ಸಿಡಿ4 ಇರಬೇಕು, ಸಿಡಿ25 ಹೆಚ್ಚಿರಬೇಕು, ಸಿಡಿ127 ಕಡಿಮೆ ಇರಬೇಕು. ಸಿಡಿ127ರ ಉಪಯೋಗ 2006ರಲ್ಲಿ ತಿಳಿದುಬಂತು. ಅದಕ್ಕೂ ಮೊದಲು ಸಿಡಿ25 ಒಂದನ್ನೇ ನಂಬಿದಾಗ, ಇತ್ತೀಚೆಗಷ್ಟೇ ಸಕ್ರಿಯಗೊಂಡ ಸಾಮಾನ್ಯ ಟಿ ಕೋಶಗಳೂ ಸೇರಿಬರುತ್ತಿದ್ದವು. ನೆಗಡಿ, ಜ್ವರ, ಲಸಿಕೆಯ ನಂತರ ಇಂಥ ಕೋಶಗಳು ಹೆಚ್ಚುತ್ತವೆ, ಹಾಗಾಗಿ ಆರೋಗ್ಯವಂತ ದಾನಿಗಳನ್ನು ಆರಿಸುವಾಗ ಇದನ್ನು ಕೇಳಿ.

ಕೋಶಗಳನ್ನು ಒಂದೊಂದಾಗಿ ಗುರುತಿಸಿ ಬೇರೆ ಮಾಡುವ ಸೆಲ್ ಸಾರ್ಟರ್ ಯಂತ್ರ ಸಿಗುವ ಕಡೆ ಅದನ್ನೇ ಬಳಸಿ, ಶುದ್ಧತೆ ಹೆಚ್ಚು. ಬೆಂಗಳೂರಿನ ಐಐಎಸ್‌ಸಿ, ಎನ್‌ಸಿಬಿಎಸ್ ಆವರಣಗಳಲ್ಲಿ ಇಂಥ ಸೌಲಭ್ಯಗಳಿವೆ. ಸಿಗದಿದ್ದರೆ ಕಾಂತೀಯ ಬೀಡ್‌ಗಳ (ಅತಿ ಸಣ್ಣ ಮಣಿಗಳ) ಕಿಟ್ ಚೆನ್ನಾಗಿಯೇ ಕೆಲಸ ಮಾಡುತ್ತದೆ. ಅದು ಎರಡು ಹಂತದ್ದು. ಮೊದಲು ಸಿಡಿ4 ಅಲ್ಲದ ಕೋಶಗಳಿಗೂ ಸಿಡಿ127 ಹೆಚ್ಚಿರುವ ಕೋಶಗಳಿಗೂ ಪ್ರತಿಕಾಯ ಮತ್ತು ಬೀಡ್ ಅಂಟಿಸಿ, ಕಾಲಮಿನಲ್ಲಿ ಅವನ್ನು ಹಿಡಿದಿಟ್ಟು, ಹರಿದುಬಂದದ್ದನ್ನು ಉಳಿಸಿಕೊಳ್ಳುವುದು. ಆಮೇಲೆ ಹರಿದುಬಂದದ್ದಕ್ಕೆ ಸಿಡಿ25 ಬೀಡ್ ಹಾಕಿ, ಈ ಸಲ ಕಾಲಮಿನಲ್ಲಿ ಉಳಿದದ್ದನ್ನು ಕಾಂತದಿಂದ ಬಿಡಿಸಿ ತೆಗೆದುಕೊಳ್ಳುವುದು. ಬೀಡ್‌ಗಳ ಪ್ರಮಾಣವನ್ನು ಕಿಟ್ಟಿನ ಕಾಗದ ಹೇಳಿದಂತೆಯೇ ಹಾಕಿ. ಹೆಚ್ಚು ಬೀಡ್ ಹಾಕಿದರೆ ಹೆಚ್ಚು ಟಿ-ರೆಗ್ ಸಿಗುವುದಿಲ್ಲ, ಸಿಡಿ25 ಸ್ವಲ್ಪವೇ ಇರುವ ಸಾಮಾನ್ಯ ಕೋಶಗಳು ಸಿಕ್ಕಿಕೊಳ್ಳುತ್ತವೆ.

ಎರಡನೆಯ ಹಂತದಲ್ಲಿ ಸಿಕ್ಕ ಕೋಶಗಳನ್ನು ಇನ್ನೊಂದು ಹೊಸ ಕಾಲಮಿನಲ್ಲಿ ಮತ್ತೊಮ್ಮೆ ಹಾಯಿಸಿ. ಸಂಖ್ಯೆ ಸ್ವಲ್ಪ ಇಳಿದರೂ ಶುದ್ಧತೆ ಏರುತ್ತದೆ, ಈ ಪರೀಕ್ಷೆಗೆ ಅದು ಲಾಭದ ವ್ಯಾಪಾರ. ಎಲ್ಲವನ್ನೂ 4ರಿಂದ 8 ಡಿಗ್ರಿಯ ತಣ್ಣನೆ ಬಫರಿನಲ್ಲಿ ಮಾಡಿ. ಬೆಚ್ಚಗಾದರೆ ಬೀಡ್‌ಗಳು ಸಿಕ್ಕಸಿಕ್ಕಲ್ಲಿ ಅಂಟುತ್ತವೆ.

ಸ್ಪಂದಕ ಕೋಶಗಳಾಗಿ ಸಿಡಿ25 ಇಲ್ಲದ ಸಿಡಿ4 ಕೋಶಗಳು ಬೇಕು. ಆದರೆ ಮೇಲಿನ ಕಿಟ್ಟಿನ ಎರಡನೆಯ ಹಂತದಲ್ಲಿ ಹರಿದುಹೋಗುವವು ಸಿಡಿ127 ಕಡಿಮೆ ಇರುವ ಉಳಿಕೆಗಳು, ಸಾಮಾನ್ಯ ಟಿ ಕೋಶಗಳ ಬಹುಪಾಲು ಮೊದಲ ಹಂತದಲ್ಲೇ ಕಾಲಮಿನಲ್ಲಿ ನಿಂತಿರುತ್ತದೆ. ಆದ್ದರಿಂದ ಶುರುವಿನಲ್ಲೇ 1 ಕೋಟಿ ಪಿಬಿಎಂಸಿ ಬದಿಗಿಟ್ಟು, ಅವುಗಳಿಂದ ಪ್ರತ್ಯೇಕವಾಗಿ ಸಿಡಿ4 ಕೋಶಗಳನ್ನು ಪಡೆದು, ಸಿಡಿ25 ಬೀಡ್‌ನಿಂದ ಟಿ-ರೆಗ್ ತೆಗೆದುಹಾಕಿ. ಇದರಿಂದ ಟಿ-ರೆಗ್ ಲೆಕ್ಕ ಬಿಗಿಯಾಗುತ್ತದೆ. ಸಾಧ್ಯವಿದ್ದಲ್ಲಿ ರಕ್ತವನ್ನು 50 ಮಿ.ಲೀ.ಗೆ ಏರಿಸಿ. ಸಾರ್ಟರ್ ಬಳಸುವವರಿಗೆ ಈ ತೊಡಕಿಲ್ಲ, ಒಂದೇ ಓಟದಲ್ಲಿ ಎರಡೂ ಸಿಗುತ್ತವೆ.

30,000 ಟಿ-ರೆಗ್ ತೆಗೆದು, ಅದೇ ದಿನ ಫಾಕ್ಸ್‌ಪಿ3 ಬಣ್ಣ ಹಾಕಿ ನೋಡಿ. ನಾಲ್ಕನೆಯ ದಿನ ನೋಡಿ ಪ್ರಯೋಜನವಿಲ್ಲ: ಮನುಷ್ಯರ ಸಾಮಾನ್ಯ ಟಿ ಕೋಶಗಳೂ ಪ್ರಚೋದನೆಯ ನಂತರ ಕೆಲಕಾಲ ಫಾಕ್ಸ್‌ಪಿ3 ತೋರಿಸುತ್ತವೆ. ಫಾಕ್ಸ್‌ಪಿ3 ಇರುವವು 80%ಕ್ಕಿಂತ ಕಡಿಮೆ ಇದ್ದರೆ ಫಲಿತಾಂಶವನ್ನು ದಾನಿಗಳ ನಡುವೆ ಹೋಲಿಸಬೇಡಿ. ಬೀಡಿನಲ್ಲಿರುವ ಪ್ರತಿಕಾಯ ಸಿಡಿ25ರ ಒಂದು ಭಾಗವನ್ನು ಮುಚ್ಚಿರುತ್ತದೆ. ಬಣ್ಣಕ್ಕೆ ಬೇರೆ ಭಾಗವನ್ನು ಹಿಡಿಯುವ ಪ್ರತಿಕಾಯದ ಕ್ಲೋನ್ ಆರಿಸಿ.

ಬಣ್ಣ ಹಾಕುವುದು

ಸಿಎಫ್‌ಎಸ್‌ಇ ಎಂಬ ಹೊಳೆಯುವ ಬಣ್ಣ ಕೋಶದೊಳಗೆ ಹೋಗಿ ಪ್ರೋಟೀನುಗಳ ಅಮೈನ್ ಗುಂಪುಗಳಿಗೆ ಗಟ್ಟಿಯಾಗಿ ಅಂಟಿಕೊಳ್ಳುತ್ತದೆ. ಕೋಶ ಎರಡಾದಾಗ ಬಣ್ಣವೂ ಅರ್ಧರ್ಧ ಹಂಚಿಹೋಗುತ್ತದೆ. ನಾಲ್ಕು ದಿನದ ನಂತರ ಫ್ಲೋ ಸೈಟೋಮೀಟರ್ (ಕೋಶಗಳ ಹೊಳಪನ್ನು ಒಂದೊಂದಾಗಿ ಅಳೆಯುವ ಯಂತ್ರ) ಕೊಡುವ ಗ್ರಾಫಿನಲ್ಲಿ ಪ್ರತಿ ತಲೆಮಾರೂ ಬೇರೆ ಶಿಖರವಾಗಿ ಕಾಣುತ್ತದೆ.

50 ಮೈಕ್ರೋಗ್ರಾಂ ಪುಡಿಗೆ 18 ಮೈಕ್ರೋಲೀಟರ್ ಡಿಎಂಎಸ್‌ಒ ಹಾಕಿದರೆ 5 ಮಿಲಿಮೋಲಾರ್ ಸ್ಟಾಕ್. ಸ್ಪಂದಕ ಕೋಶಗಳನ್ನು ಪಿಬಿಎಸ್‌ನಲ್ಲಿ ಎರಡು ಸಲ ತೊಳೆದು, ಮಿ.ಲೀ.ಗೆ 1 ಕೋಟಿಯಂತೆ ಕಲಸಿ. ಇನ್ನೊಂದು ಟ್ಯೂಬಿನಲ್ಲಿ ಅಷ್ಟೇ ಪ್ರಮಾಣದ ಪಿಬಿಎಸ್‌ಗೆ 5 ಮೈಕ್ರೋಮೋಲಾರ್ ಬಣ್ಣ ಬೆರೆಸಿ. ಬಣ್ಣದ ದ್ರಾವಣವನ್ನು ಕೋಶಗಳ ಮೇಲೆ ಸುರಿದು ತಕ್ಷಣ ಮೇಲೆ ಕೆಳಗೆ ಪಿಪೆಟ್ ಮಾಡಿ. ಕೊನೆಯ ಪ್ರಮಾಣ 2.5 ಮೈಕ್ರೋಮೋಲಾರ್. 37 ಡಿಗ್ರಿ ನೀರಿನಲ್ಲಿ, ಕತ್ತಲಲ್ಲಿ, 8 ನಿಮಿಷ. ನಂತರ ಐದು ಪಟ್ಟು ತಣ್ಣನೆಯ ಮಾಧ್ಯಮ ಹಾಕಿ 5 ನಿಮಿಷ ಬಿಡಿ, ಎರಡು ಸಲ ತೊಳೆಯಿರಿ.

ಬಣ್ಣ ಹಾಕುವ ಪಿಬಿಎಸ್‌ನಲ್ಲಿ ಸೀರಂ ಉಳಿದಿದ್ದರೆ ಅದರ ಪ್ರೋಟೀನುಗಳೇ ಬಣ್ಣವನ್ನು ನುಂಗಿಬಿಡುತ್ತವೆ. ಬಣ್ಣದ ಹನಿಯನ್ನು ಟ್ಯೂಬಿನ ಗೋಡೆಗೆ ಬಿಟ್ಟು ಆಮೇಲೆ ಕಲಸಿದರೆ ಕೆಲವು ಕೋಶಗಳಿಗೆ ಹೆಚ್ಚು, ಕೆಲವಕ್ಕೆ ಕಡಿಮೆ ಬಣ್ಣ ಬಂದು ಶಿಖರಗಳು ಒಂದರೊಳಗೊಂದು ಸೇರಿಹೋಗುತ್ತವೆ. ಹೆಚ್ಚು ಬಣ್ಣ ಕೋಶಕ್ಕೆ ವಿಷ. ಮೊದಲ 24 ಗಂಟೆಯಲ್ಲಿ ವಿಭಜನೆ ಇಲ್ಲದೆಯೂ ಹೊಳಪು ಸಾಕಷ್ಟು ಇಳಿಯುತ್ತದೆ. ಆದ್ದರಿಂದ ವಿಭಜನೆಯಾಗದ ಶಿಖರ ಎಲ್ಲಿದೆ ಎಂಬುದನ್ನು ನಾಲ್ಕನೆಯ ದಿನದ ಪ್ರಚೋದನೆ ಇಲ್ಲದ ಗುಂಡಿಯಿಂದ ನಿರ್ಧರಿಸಿ, ಮೊದಲ ದಿನದ ಟ್ಯೂಬಿನಿಂದಲ್ಲ.

ಟಿ-ರೆಗ್‌ಗಳಿಗೆ ನೇರಳೆ ಬಣ್ಣದ ಟ್ರೇಸರ್ ಹಾಕಿ. ಬಣ್ಣವಿಲ್ಲದೆ ಬಿಟ್ಟರೆ, ಏಳೆಂಟು ಸಲ ವಿಭಜನೆಯಾಗಿ ಬಣ್ಣ ಕಳೆದುಕೊಂಡ ಸ್ಪಂದಕ ಕೋಶಗಳಿಗೂ ಟಿ-ರೆಗ್‌ಗಳಿಗೂ ವ್ಯತ್ಯಾಸ ತಿಳಿಯುವುದಿಲ್ಲ. ದಟ್ಟಣೆಯ ಕಂಟ್ರೋಲಿಗೆ ಬಳಸುವ ಕೋಶಗಳಿಗೂ ಇದೇ ನೇರಳೆ ಬಣ್ಣ ಇರಲಿ.

ಪ್ರಚೋದನೆಯ ಬಲ

ಇಡೀ ಪರೀಕ್ಷೆ ನಿಲ್ಲುವುದೂ ಬೀಳುವುದೂ ಇಲ್ಲಿ. ಸಿಡಿ3 ಮತ್ತು ಸಿಡಿ28 ಪ್ರತಿಕಾಯಗಳಿರುವ ಬೀಡ್‌ಗಳು ಟಿ ಕೋಶಗಳನ್ನು ಅತ್ಯಂತ ಜೋರಾಗಿ ಎಬ್ಬಿಸುತ್ತವೆ. ಕೋಶಗಳನ್ನು ಬೆಳೆಸಲು ಹೇಳಿರುವ ಒಂದು ಕೋಶಕ್ಕೆ ಒಂದು ಬೀಡ್ ಎಂಬ ಪ್ರಮಾಣವನ್ನೇ ಇಲ್ಲಿಯೂ ಹಾಕಿದರೆ, ಸ್ಪಂದಕ ಕೋಶಗಳು ಯಾವ ತಡೆಗೂ ಜಗ್ಗದೆ ವಿಭಜನೆಯಾಗುತ್ತವೆ. ಆಗ ಒಳ್ಳೆಯ ಟಿ-ರೆಗ್‌ಗಳೂ ಕೆಲಸಕ್ಕೆ ಬಾರದವುಗಳಂತೆ ಕಾಣುತ್ತವೆ. ಪ್ರಚೋದನೆ ತೀರ ಕಡಿಮೆಯಾದರೆ ಯಾವುದನ್ನು ಸೇರಿಸಿದರೂ ವಿಭಜನೆ ಕುಸಿಯುತ್ತದೆ.

ಮುಖ್ಯ ಪ್ರಯೋಗಕ್ಕೆ ಮೊದಲು ಮೂವರು ಬೇರೆ ಬೇರೆ ದಾನಿಗಳ ಸ್ಪಂದಕ ಕೋಶಗಳಲ್ಲಿ ಬೀಡ್ ಮತ್ತು ಕೋಶಗಳ ಪ್ರಮಾಣ 1:5, 1:10, 1:20, 1:40 ಇಟ್ಟು ನೋಡಿ. ನಾಲ್ಕನೆಯ ದಿನ ಬಣ್ಣ ಇಳಿದ ಕೋಶಗಳು 70ರಿಂದ 80% ಬರುವ ಅತಿ ಕಡಿಮೆ ಪ್ರಮಾಣವನ್ನು ಆರಿಸಿ. ಅದಕ್ಕಿಂತ ಹೆಚ್ಚು ಬೀಡ್ ಹಾಕಿದರೆ ವಿಭಜನೆ ಇನ್ನೂ ಏರುವಂತಿರಬೇಕು. ಏರದಿದ್ದರೆ ನೀವು ಈಗಾಗಲೇ ಗರಿಷ್ಠದಲ್ಲಿದ್ದೀರಿ, ಕೆಳಗಿಳಿಯಿರಿ. ಬೀಡ್‌ನ ಹೊಸ ಲಾಟ್ ಬಂದಾಗ ಇದನ್ನು ಮತ್ತೆ ಮಾಡಿ.

ಟಿ ಕೋಶಗಳನ್ನು ಬೆಳೆಸುವ ಸಂಕೇತ ಪ್ರೋಟೀನ್ ಐಎಲ್-2 ಸೇರಿಸಬೇಡಿ. ಹೊರಗಿನಿಂದ ಐಎಲ್-2 ಕೊಟ್ಟರೆ ಈ ಪರೀಕ್ಷೆಯಲ್ಲಿ ನಿಗ್ರಹ ಮುರಿದುಬೀಳುತ್ತದೆ. ಲ್ಯಾಬಿನಲ್ಲಿ ಎಲ್ಲರೂ ಬಳಸುವ ಮಾಧ್ಯಮದ ಬಾಟಲಿಗೆ ಯಾರಾದರೂ ಮೊದಲೇ ಐಎಲ್-2 ಬೆರೆಸಿದ್ದಾರೆಯೇ ಎಂದು ಕೇಳಿ; ಈ ಪರೀಕ್ಷೆಗೆ ನಿಮ್ಮದೇ ಬಾಟಲಿ ಇಟ್ಟುಕೊಳ್ಳುವುದು ಒಳ್ಳೆಯದು.

ಪ್ಲೇಟ್ ಜೋಡಿಸುವುದು

96 ಗುಂಡಿಗಳ, ದುಂಡು ತಳದ ಪ್ಲೇಟ್ ಬೇಕು. ನಿಗ್ರಹ ಬಹುಮಟ್ಟಿಗೆ ಕೋಶಗಳು ಒಂದಕ್ಕೊಂದು ತಾಗುವುದರಿಂದ ಆಗುತ್ತದೆ. ಚಪ್ಪಟೆ ತಳದಲ್ಲಿ ಅವು ಚದುರಿಹೋಗುತ್ತವೆ. ಅಂಚಿನ ಗುಂಡಿಗಳಲ್ಲಿ ನೀರು ಬೇಗ ಆರುವುದರಿಂದ ಅಲ್ಲಿ 200 ಮೈಕ್ರೋಲೀಟರ್ ಪಿಬಿಎಸ್ ಮಾತ್ರ ತುಂಬಿ. ಒಳಗೆ 60 ಗುಂಡಿ ಉಳಿಯುತ್ತವೆ, ಸಾಕು.

ಪ್ರತಿ ಗುಂಡಿಗೆ ನಾಲ್ಕು ಪಾಲು, ಪ್ರತಿಯೊಂದೂ 50 ಮೈಕ್ರೋಲೀಟರ್. ಸ್ಪಂದಕ ಕೋಶಗಳು ಮಿ.ಲೀ.ಗೆ 10 ಲಕ್ಷದಂತೆ. ಟಿ-ರೆಗ್ ಮಿ.ಲೀ.ಗೆ 10 ಲಕ್ಷದಿಂದ ಶುರುಮಾಡಿ, ಬೇರೆ ಟ್ಯೂಬುಗಳಲ್ಲಿ ಪ್ರತಿ ಸಲ ಅರ್ಧಕ್ಕಿಳಿಸಿದ್ದು. ಬೀಡ್ 1:10 ಆಯ್ದಿದ್ದರೆ ಗುಂಡಿಗೆ 5,000, ಅಂದರೆ ಮಿ.ಲೀ.ಗೆ 1 ಲಕ್ಷ. ಉಳಿದದ್ದು ಮಾಧ್ಯಮ. ಬೀಡ್‌ಗಳು ಒಂದೆರಡು ನಿಮಿಷದಲ್ಲೇ ತಳಕ್ಕಿಳಿಯುತ್ತವೆ. ಪ್ರತಿ ಸಾಲಿಗೆ ಹಾಕುವ ಮುಂಚೆ ಟ್ಯೂಬನ್ನು ಕಲಕದಿದ್ದರೆ ಮೊದಲ ಸಾಲಿಗೂ ಕೊನೆಯ ಸಾಲಿಗೂ ಪ್ರಚೋದನೆಯೇ ಬೇರೆಯಾಗಿರುತ್ತದೆ.

ಕಂಟ್ರೋಲ್‌ಗಳು: ಪ್ರಚೋದನೆ ಇಲ್ಲದ ಸ್ಪಂದಕ ಕೋಶಗಳು, ಪ್ರಚೋದಿಸಿದ ಸ್ಪಂದಕ ಕೋಶಗಳು ಮಾತ್ರ, ಪ್ರಚೋದಿಸಿದ ಟಿ-ರೆಗ್ ಮಾತ್ರ (ಈ ಟಿ-ರೆಗ್‌ಗಳು ಹೆಚ್ಚು ವಿಭಜನೆಯಾಗಬಾರದು). ನಾಲ್ಕನೆಯದು ದಟ್ಟಣೆಯ ಕಂಟ್ರೋಲ್: ಟಿ-ರೆಗ್ ಬದಲಿಗೆ ಅದೇ ದಾನಿಯ ಸಿಡಿ25 ಇಲ್ಲದ ಸಾಮಾನ್ಯ ಸಿಡಿ4 ಕೋಶಗಳನ್ನು ಅದೇ ಐದು ಪ್ರಮಾಣಗಳಲ್ಲಿ ಸೇರಿಸಿದ್ದು. 1:1 ಗುಂಡಿಯಲ್ಲಿ ಕೋಶಗಳು ಇಮ್ಮಡಿ, ಆದರೆ ಬೀಡ್ ಅಷ್ಟೇ, ಗ್ಲೂಕೋಸ್ ಅಷ್ಟೇ. ಸ್ಪಂದಕ ಕೋಶಕ್ಕೆ ತಲಾ ಸಿಗುವ ಪ್ರಚೋದನೆ ತಾನಾಗಿಯೇ ಇಳಿಯುತ್ತದೆ. ಈ ಇಳಿತವನ್ನೂ ಟಿ-ರೆಗ್‌ನ ಲೆಕ್ಕಕ್ಕೆ ಬರೆದುಕೊಂಡರೆ ಆ ಅಂಕಿ ಸುಳ್ಳು. ಜಾಗವಿಲ್ಲ, ಕೋಶವಿಲ್ಲ ಎಂದು ಜನ ಮೊದಲು ಕೈಬಿಡುವುದು ಇದನ್ನೇ. ಇದಿಲ್ಲದ ನಿಗ್ರಹದ ಗ್ರಾಫನ್ನು ನಾವು ನಂಬುವುದಿಲ್ಲ.

37 ಡಿಗ್ರಿ, 5% ಕಾರ್ಬನ್ ಡೈಆಕ್ಸೈಡ್, ತೇವ ತುಂಬಿದ ಇನ್‌ಕ್ಯುಬೇಟರಿನಲ್ಲಿ 96 ಗಂಟೆ. ಇನ್‌ಕ್ಯುಬೇಟರ್ ಯುಪಿಎಸ್‌ಗೆ ಸೇರಿದೆಯೇ ನೋಡಿ. ಕರೆಂಟ್ ಹೋದಾಗ ಬಾಗಿಲು ತೆರೆಯದಿದ್ದರೆ ಶಾಖ ಸ್ವಲ್ಪ ಹೊತ್ತು ನಿಲ್ಲುತ್ತದೆ.

ನಾಲ್ಕನೆಯ ದಿನ

ಗುಂಡಿಗಳನ್ನು ಚೆನ್ನಾಗಿ ಪಿಪೆಟ್ ಮಾಡಿ ಕೋಶಗಳ ಗೊಂಚಲುಗಳನ್ನು ಬಿಡಿಸಿ. ಸತ್ತ ಕೋಶಗಳನ್ನು ತೋರಿಸುವ ಬಣ್ಣ ಮತ್ತು ಸಿಡಿ4 ಪ್ರತಿಕಾಯ ಹಾಕಿ 4 ಡಿಗ್ರಿಯಲ್ಲಿ 20 ನಿಮಿಷ ಇಟ್ಟು ತೊಳೆದು, ಫ್ಲೋ ಸೈಟೋಮೀಟರಿನಲ್ಲಿ ಓದಿಸಿ. ಸಿಎಫ್‌ಎಸ್‌ಇ ಅತಿ ಹೊಳಪಿನದು, ಪಕ್ಕದ ಪಿಇ ಚಾನೆಲ್‌ಗೆ ಸೋರುತ್ತದೆ. ಸಿಡಿ4 ಪ್ರತಿಕಾಯವನ್ನು ಎಪಿಸಿ ಎಂಬ ಬೇರೆ ಬಣ್ಣದಲ್ಲಿ ತೆಗೆದುಕೊಂಡರೆ ತಲೆನೋವು ಕಡಿಮೆ. ಒಂದೊಂದೇ ಬಣ್ಣ ಇರುವ ಟ್ಯೂಬುಗಳಿಂದ ಕಾಂಪೆನ್ಸೇಶನ್ (ಸೋರಿದ ಹೊಳಪನ್ನು ಕಳೆಯುವ ಲೆಕ್ಕ) ಸರಿಪಡಿಸಿ.

ಗೇಟಿಂಗ್ (ಬೇಕಾದ ಕೋಶಗಳನ್ನು ಗ್ರಾಫಿನಲ್ಲಿ ಹಂತಹಂತವಾಗಿ ಆರಿಸುವ) ಕ್ರಮ: ಗಾತ್ರದಿಂದ ಲಿಂಫೋಸೈಟ್‌ಗಳು, ನಂತರ ಒಂಟಿ ಕೋಶಗಳು, ಜೀವಂತ ಕೋಶಗಳು, ಸಿಡಿ4 ಇರುವವು, ನೇರಳೆ ಇಲ್ಲದವು, ಕೊನೆಗೆ ಸಿಎಫ್‌ಎಸ್‌ಇ ಹಿಸ್ಟೋಗ್ರಾಂ. ವಿಭಜನೆಗೆ ಎದ್ದ ಕೋಶಗಳು ದೊಡ್ಡದಾಗಿರುತ್ತವೆ, ಮೊದಲ ಗೇಟನ್ನು ಚಿಕ್ಕದಾಗಿ ಎಳೆದರೆ ಅವೇ ತಪ್ಪಿಹೋಗುತ್ತವೆ. ಗುಂಡಿಗೆ ಕನಿಷ್ಠ 5,000 ಜೀವಂತ ಸ್ಪಂದಕ ಕೋಶಗಳನ್ನು ದಾಖಲಿಸಿ.

ಲೆಕ್ಕ: ಒಂದೇ ದತ್ತಾಂಶ, ಎರಡು ಉತ್ತರ

ಬಣ್ಣ ಇಳಿದ ಕೋಶಗಳ ಶೇಕಡಾವಾರನ್ನು ನೇರವಾಗಿ ಹೋಲಿಸುವುದು ರೂಢಿ, ಆದರೆ ಅದು ದಾರಿ ತಪ್ಪಿಸುತ್ತದೆ. ನಾಲ್ಕು ಸಲ ವಿಭಜನೆಯಾದ ಒಂದು ಕೋಶ ಹದಿನಾರಾಗಿ ಎಣಿಕೆಗೆ ಬರುತ್ತದೆ. ಆದ್ದರಿಂದ ಪ್ರತಿ ತಲೆಮಾರಿನ ಎಣಿಕೆಯನ್ನು 2, 4, 8, 16ರಿಂದ ಭಾಗಿಸಿ ಮೂಲ ಕೋಶಗಳ ಸಂಖ್ಯೆಗೆ ಮರಳಬೇಕು.

ಉದಾಹರಣೆಗೆ, ಸ್ಪಂದಕ ಕೋಶಗಳು ಮಾತ್ರ ಇರುವ ಗುಂಡಿಯಲ್ಲಿ ಸೊನ್ನೆಯಿಂದ ನಾಲ್ಕನೆಯ ತಲೆಮಾರಿನವರೆಗೆ 2000, 1000, 2000, 4000, 3200 ಕೋಶಗಳಿವೆ ಎನ್ನಿ. ಮೂಲ ಕೋಶಗಳು 2000, 500, 500, 500, 200, ಒಟ್ಟು 3700. ಪ್ರತಿ ಮೂಲ ಸಂಖ್ಯೆಯನ್ನು ಅದರ ತಲೆಮಾರಿನಿಂದ ಗುಣಿಸಿ ಕೂಡಿದರೆ 500 + 1000 + 1500 + 800 = 3800. ವಿಭಜನಾ ಸೂಚ್ಯಂಕ 3800 ÷ 3700 = 1.03.

ಟಿ-ರೆಗ್ 1:2 ಇರುವ ಗುಂಡಿಯಲ್ಲಿ 3000, 1200, 1600, 800, 0 ಎನ್ನಿ. ಮೂಲ ಕೋಶಗಳು 3000, 600, 400, 100, ಒಟ್ಟು 4100. ಗುಣಿಸಿ ಕೂಡಿದರೆ 1700. ಸೂಚ್ಯಂಕ 0.41. ನಿಗ್ರಹ = (1 − 0.41 ÷ 1.03) × 100, ಸುಮಾರು 60%.

ಅದೇ ಎರಡು ಗುಂಡಿಗಳಲ್ಲಿ ಬಣ್ಣ ಇಳಿದ ಕೋಶಗಳನ್ನಷ್ಟೇ ಎಣಿಸಿದರೆ 84% ಮತ್ತು 55%. ನಿಗ್ರಹ ಬರೀ 35%. ಎರಡನೆಯ ಲೆಕ್ಕದಲ್ಲಿ ಟಿ-ರೆಗ್ ಅರ್ಧ ದುರ್ಬಲವಾಗಿ ಕಾಣುತ್ತವೆ. ಹೀಗಾಗಿ ಯಾವ ಸೂತ್ರ ಬಳಸಿದಿರಿ ಎಂದು ಬರೆಯದ ಶೇಕಡಾವಾರಿಗೆ ಅರ್ಥವಿಲ್ಲ, ಬೇರೆ ಸೂತ್ರದ ಅಂಕಿಯೊಂದಿಗೆ ಅದನ್ನು ಹೋಲಿಸಲೂ ಆಗದು.

ದಟ್ಟಣೆಯ ಕಂಟ್ರೋಲಿನಲ್ಲಿ ಅದೇ 1:2ಕ್ಕೆ ಸೂಚ್ಯಂಕ 0.90 ಬಂದಿದ್ದರೆ, ಬರಿಯ ಜನಸಂದಣಿಯಿಂದಲೇ 12% ಇಳಿತವಾಗಿದೆ ಎಂದರ್ಥ. ಎರಡು ವಕ್ರರೇಖೆಗಳನ್ನೂ ಒಂದೇ ಗ್ರಾಫಿನಲ್ಲಿ ಎಳೆಯಿರಿ, ಐದೂ ಪ್ರಮಾಣಗಳೊಂದಿಗೆ. ಚಂದವಾಗಿ ಬಂದ ಒಂದು ಪ್ರಮಾಣವನ್ನು ಆರಿಸಿ ತೋರಿಸಬೇಡಿ. ಮೂರು ಗುಂಡಿಗಳು ಮೂರು ಮಾದರಿಗಳಲ್ಲ. ಸಂಖ್ಯಾಶಾಸ್ತ್ರಕ್ಕೆ ಒಬ್ಬ ದಾನಿ ಎಂದರೆ ಒಂದೇ ಬಿಂದು.

ಎಡವಟ್ಟಾದಾಗ ಎಲ್ಲಿ ನೋಡಬೇಕು

ನಿಗ್ರಹವೇ ಇಲ್ಲದಿದ್ದರೆ ಮೊದಲು ಬೀಡ್ ಪ್ರಮಾಣ, ನಂತರ ಐಎಲ್-2, ಆಮೇಲೆ ಟಿ-ರೆಗ್‌ನ ಶುದ್ಧತೆ ನೋಡಿ. ಟಿ-ರೆಗ್ ಮಾತ್ರ ಇರುವ ಗುಂಡಿಯಲ್ಲಿ ಜೋರು ವಿಭಜನೆ ಕಂಡರೆ ಅದರಲ್ಲಿ ಸಾಮಾನ್ಯ ಕೋಶಗಳು ಬೆರೆತಿವೆ. ಎಲ್ಲ ಪ್ರಮಾಣಗಳಲ್ಲೂ 90%ಕ್ಕಿಂತ ಹೆಚ್ಚು ನಿಗ್ರಹ ಬಂದರೆ ಹಿಗ್ಗಬೇಡಿ: ಸತ್ತ ಕೋಶಗಳ ಪಾಲು ನೋಡಿ, ಪ್ರಚೋದನೆ ಕಡಿಮೆಯಾಗಿದೆಯೇ ನೋಡಿ. 1:16ಕ್ಕಿಳಿದರೂ ನಿಗ್ರಹ ತಗ್ಗದಿರುವುದು ಸಹಜವಲ್ಲ. ಸ್ಪಂದಕ ಕೋಶಗಳು ಎಲ್ಲ ಗುಂಡಿಗಳಲ್ಲೂ ಸರಿಯಾಗಿ ವಿಭಜನೆಯಾಗದಿದ್ದರೆ ಬಣ್ಣ ಹೆಚ್ಚಾಗಿರಬಹುದು, ಅಥವಾ ಮಾಧ್ಯಮ ಹಳೆಯದಾಗಿರಬಹುದು. ಗ್ಲುಟಮಿನ್ ಫ್ರಿಜ್ಜಿನಲ್ಲಿದ್ದರೂ ವಾರಗಳಲ್ಲಿ ಒಡೆಯುತ್ತದೆ. ಪ್ರಚೋದನೆ ಇಲ್ಲದ ಗುಂಡಿಯಲ್ಲೇ ವಿಭಜನೆ ಕಂಡರೆ ಎಫ್‌ಬಿಎಸ್ ಲಾಟ್ ಮೇಲೆ ಸಂಶಯಪಡಿ.

ಫ್ರೀಜ್ ಮಾಡಿದ ಪಿಬಿಎಂಸಿಯಿಂದ ಪಡೆದ ಟಿ-ರೆಗ್‌ಗಳ ಕೆಲಸ ಕುಗ್ಗಬಹುದು. ತಾಜಾ ಮತ್ತು ಫ್ರೀಜ್ ಮಾಡಿದ ಮಾದರಿಗಳನ್ನು ಒಂದೇ ಹೋಲಿಕೆಯಲ್ಲಿ ಬೆರೆಸಬೇಡಿ.

ರೋಗಿಗಳ ಮಾದರಿಯಲ್ಲಿ

ಸಂಧಿವಾತ ಅಥವಾ ಟೈಪ್ 1 ಮಧುಮೇಹದ ರೋಗಿಯಲ್ಲಿ ನಿಗ್ರಹ ಕಡಿಮೆ ಬಂದರೆ ಎರಡು ಕಾರಣ ಸಾಧ್ಯ: ಟಿ-ರೆಗ್ ಸೋತಿವೆ, ಇಲ್ಲವೇ ಸ್ಪಂದಕ ಕೋಶಗಳು ಮಾತು ಕೇಳುತ್ತಿಲ್ಲ. ಬಿಡಿಸಲು ಅದಲುಬದಲು ಮಾಡಿ. ರೋಗಿಯ ಟಿ-ರೆಗ್ ಜೊತೆ ಆರೋಗ್ಯವಂತರ ಸ್ಪಂದಕ ಕೋಶಗಳು, ಆರೋಗ್ಯವಂತರ ಟಿ-ರೆಗ್ ಜೊತೆ ರೋಗಿಯ ಸ್ಪಂದಕ ಕೋಶಗಳು, ಜೊತೆಗೆ ಪ್ರತಿಯೊಬ್ಬರ ಸ್ವಂತ ಜೋಡಿ. ನಾಲ್ಕು ಜೋಡಿಗಳೂ ಒಂದೇ ದಿನ, ಒಂದೇ ಪ್ರಚೋದನೆಯಲ್ಲಿ ನಡೆಯಬೇಕು. ಅದಕ್ಕೆ ರೋಗಿಯಿಂದ ಹೆಚ್ಚು ರಕ್ತ ಬೇಕಾಗುವುದರಿಂದ 25,000 ಕೋಶಗಳ ಪ್ಲೇಟೇ ಸೂಕ್ತ. ಸ್ಟಿರಾಯ್ಡ್ ಅಥವಾ ಮೆಥೊಟ್ರೆಕ್ಸೇಟ್ ತೆಗೆದುಕೊಳ್ಳುತ್ತಿರುವವರ ಔಷಧದ ವಿವರ ಬರೆದಿಡಿ. ಅವರ ಸ್ಪಂದಕ ಕೋಶಗಳು ಟಿ-ರೆಗ್ ಸೇರುವ ಮೊದಲೇ ಮಂದವಾಗಿರಬಹುದು.

ಬೀಡ್ ಬಳಸಿದ ಪರೀಕ್ಷೆ ಏನನ್ನು ಅಳೆಯುವುದಿಲ್ಲ ಎಂಬುದೂ ವರದಿಯಲ್ಲಿರಲಿ. ಟಿ-ರೆಗ್‌ಗಳು ಸಿಟಿಎಲ್‌ಎ-4 ಎಂಬ ತಮ್ಮ ಪ್ರೋಟೀನಿನ ಮೂಲಕ ಆ್ಯಂಟಿಜೆನ್ ತೋರಿಸುವ ಕೋಶಗಳ ಮೇಲ್ಮೈಯಿಂದ ಸಿಡಿ80, ಸಿಡಿ86 ಪ್ರೋಟೀನುಗಳನ್ನು ಕಿತ್ತು ತೆಗೆಯುತ್ತವೆ. ಬೀಡ್ ಮಾತ್ರ ಇರುವ ಗುಂಡಿಯಲ್ಲಿ ಆ ಕೋಶಗಳೇ ಇಲ್ಲ, ಆ ದಾರಿ ಕಾಣಿಸುವುದಿಲ್ಲ. ನಿಮ್ಮ ಪ್ರಶ್ನೆ ಸಿಟಿಎಲ್‌ಎ-4 ಬಗ್ಗೆ ಇದ್ದರೆ ಬೀಡ್ ಬಿಟ್ಟು, ಟಿ ಕೋಶಗಳನ್ನು ತೆಗೆದ ಪಿಬಿಎಂಸಿಯನ್ನು 30 ಗ್ರೇ ವಿಕಿರಣಕ್ಕೆ ಒಡ್ಡಿ, ಮಿ.ಲೀ.ಗೆ 0.5 ಮೈಕ್ರೋಗ್ರಾಂನಿಂದ ಶುರುಮಾಡಿ ಕರಗಿದ ಸಿಡಿ3 ಪ್ರತಿಕಾಯದೊಂದಿಗೆ ಬಳಸಿ. ಆ ಪ್ರತಿಕಾಯದ ಬಲವನ್ನೂ ಬೀಡ್‌ನಂತೆಯೇ ಮೂವರು ದಾನಿಗಳಲ್ಲಿ ಮೊದಲು ಅಳೆದು ನಿಗದಿ ಮಾಡಬೇಕು.